ವ್ಯಾಪಾರಸ್ಥರ ಪ್ರವಾಸವೂ ಲ್ಯಾಪ್‌ಟಾಪಿನ ಆಯ್ಕೆಯೂ

ಅಂಗಡಿಯಲ್ಲಿ ಕುಳಿತು ಮಾಡುವ ವ್ಯಾಪಾರವು ಬೇರೆ, ಊರೂರು ತಿರುಗಿ ಮಾಡುವ ವ್ಯಾಪಾರವು ಬೇರೆ. ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ತಿರುಗಾಟದ ವ್ಯಾಪಾರವು ಮೊದಲಿನಿಂದಲೂ ದೊಡ್ಡದು. ಬನಹಟ್ಟಿಯ ಮಗ್ಗಗಳಲ್ಲಿ ನೆಯ್ದ ಸೀರೆಗಳೆಲ್ಲ ಬನಹಟ್ಟಿಯಲ್ಲಿಯೇ ಮಾರಿ ಹೋಗಲಾರವು. ಮಹಾಲಿಂಗಪುರದ ಬೆಲ್ಲವಾಗಲಿ, ಮುಧೋಳದ ಕಬ್ಬಿನಿಂದಾದ ಸಕ್ಕರೆಯಾಗಲಿ, ಜಮಖಂಡಿಯ ಕಡೆಯ ಒಣದ್ರಾಕ್ಷಿಯಾಗಲಿ ದೂರದ ಪೇಟೆಯನ್ನು ಹುಡುಕಿಕೊಂಡೇ ಹೋಗಬೇಕು. ಆದಕಾರಣ ಈ ಸೀಮೆಯ ವ್ಯಾಪಾರಸ್ಥರು ಇಂದು ಸೊಲ್ಲಾಪುರ, ನಾಳೆ ಇಚಲಕರಂಜಿ, ನಾಡದು ಹುಬ್ಬಳ್ಳಿ ಎಂದು ತಿರುಗುತ್ತಲೇ ಇರುವರು. ಹಿಂದೆ ಅವರ ಕೈಚೀಲದಲ್ಲಿ ಮಾದರಿಯ ಅರಿವೆಗಳೂ ಒಂದು ವಹಿಯೂ ಇರುತ್ತಿದ್ದವು. ಈಗ ಆ ಚೀಲದೊಳಗೆ ಲ್ಯಾಪ್‌ಟಾಪೊಂದು ಸೇರಿಕೊಂಡಿದೆ.

ಇಂಥ ಗೃಹಸ್ಥರು ಲ್ಯಾಪ್‌ಟಾಪನ್ನು ಕೊಳ್ಳಹೊರಟಾಗ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು. ಯಾವ ಕಂಪನಿಯದು ಒಳ್ಳೆಯದು? ಎಷ್ಟಕ್ಕೆ ಬರುತ್ತದೆ? ನಮ್ಮ ಅಭಿಪ್ರಾಯದಲ್ಲಿ ಇವೆರಡೂ ಕೊನೆಗೆ ಕೇಳತಕ್ಕ ಪ್ರಶ್ನೆಗಳು. ಮೊದಲು ಕೇಳತಕ್ಕದ್ದು ಯಾವುದೆಂದರೆ, ಈ ಪೆಟ್ಟಿಗೆಯಲ್ಲಿ ನಾವು ಒಯ್ಯುವದೇನು, ಅದು ಹಾದಿಯಲ್ಲಿ ನಿಂತುಹೋದರೆ ಅಥವಾ ಕಳೆದುಹೋದರೆ ಮನೆಗೆ ಆಗುವ ಹಾನಿಯೆಷ್ಟು ಎಂಬುದು. ಇದಕ್ಕೆ ಉತ್ತರವು ದೊರೆತರೆ ಉಳಿದ ಆಯ್ಕೆಯು ತಾನಾಗಿ ಸುಲಭವಾಗುವದು.

ಈ ಊರುಗಳ ಪೂರ್ವವೃತ್ತಾಂತವನ್ನು ಸ್ವಲ್ಪ ನೆನೆಯೋಣ. ೧೯೪೮ರಲ್ಲಿ ಸಂಸ್ಥಾನಗಳು ವಿಲೀನವಾಗುವವರೆಗೆ ಜಮಖಂಡಿ ಬನಹಟ್ಟಿಗಳು ಜಮಖಂಡಿಯ ಪಟವರ್ಧನರ ಸಂಸ್ಥಾನದಲ್ಲಿಯೂ, ರಬಕವಿಯು ಸಾಂಗಲಿಯ ಸಂಸ್ಥಾನದಲ್ಲಿಯೂ, ಮುಧೋಳವು ಘೋರ್ಪಡೆಯವರ ಸಂಸ್ಥಾನದಲ್ಲಿಯೂ ಇದ್ದವು. ಬೀಳಗಿಯು ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಗೆ ಸೇರಿತ್ತು. ರಬಕವಿ ಬನಹಟ್ಟಿಗಳು ಮಗ್ಗುಲು ಮಗ್ಗುಲಿಗೆ ಇದ್ದರೂ ಬೇರೆ ಬೇರೆ ದೊರೆಗಳ ಊರುಗಳಾಗಿದ್ದವು. ಅಂಥ ಕಾಲದಲ್ಲಿ ಜಾಣ ವ್ಯಾಪಾರಿಯು ಕೀರ್ದಿ ಖಾತಾವಣಿಗಳ ದೊಡ್ಡ ವಹಿಗಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ಅಂಗಡಿಯಲ್ಲಿಟ್ಟು, ಪ್ರವಾಸಕ್ಕೆ ಟಿಪ್ಪಣಿಯ ಸಣ್ಣ ವಹಿಯನ್ನು ಮಾತ್ರ ಒಯ್ಯುವನು. ಆ ಸಣ್ಣ ವಹಿಯು ಹೊಳೆಗೆ ಬಿದ್ದರೆ ನಾಲ್ಕು ದಿನದ ಲೆಕ್ಕವು ಹೋದೀತು, ಮನೆತನದ ಲೆಕ್ಕವು ಹೋಗದು. ಲ್ಯಾಪ್‌ಟಾಪು ಈ ಏರ್ಪಾಡನ್ನು ತಲೆಕೆಳಗು ಮಾಡಿದೆ. ಕೀರ್ದಿ, ಖಾತಾವಣಿ, ಬಾಕಿಯ ಪಟ್ಟಿ, ಕರಾರುಗಳು, ತೆರಿಗೆಯ ಕಾಗದಗಳು, ಎಲ್ಲವೂ ಈಗ ಒಂದೇ ಪೆಟ್ಟಿಗೆಯಲ್ಲಿ ಕುಳಿತು ಬಸ್ಸು ಹತ್ತುತ್ತವೆ.

ರಬಕವಿಯ ಸೀರೆಯ ವ್ಯಾಪಾರಿಯೊಬ್ಬನು ಕುಡಚಿಯಲ್ಲಿಯೋ ಮೀರಜದಲ್ಲಿಯೋ ರೈಲು ಹಿಡಿದು ಪುಣೆಗೆ ಹೊರಟಿದ್ದಾನೆಂದು ಭಾವಿಸೋಣ. ಅವನ ಲ್ಯಾಪ್‌ಟಾಪಿನಲ್ಲಿ ಯಾವ ನೇಕಾರನ ಮನೆಗೆ ಎಷ್ಟು ಬೀಮು ಕೊಟ್ಟಿದೆ, ಎಷ್ಟು ಸೀರೆ ಮರಳಿ ಬಂದಿವೆ, ಕೂಲಿಯಲ್ಲಿ ಎಷ್ಟು ಮುಟ್ಟಿದೆ, ಮುಂಗಡದಲ್ಲಿ ಎಷ್ಟು ಉಳಿದಿದೆ ಎಂಬ ಲೆಕ್ಕವುಂಟು. ಈ ಲೆಕ್ಕವು ಅಳಿದರೆ ನಷ್ಟವು ವ್ಯಾಪಾರಿಗೊಬ್ಬನಿಗೇ ತಗಲುವದಿಲ್ಲ. ಕೂಲಿ ಬರಬೇಕಾದ ನೇಕಾರನು ತನ್ನ ಹಕ್ಕನ್ನು ಬಾಯಿಮಾತಿನಿಂದ ಸಾಧಿಸಬೇಕಾಗುವದು. ಎರಡು ಮನೆಗಳ ನಡುವೆ ತಲೆಮಾರುಗಳಿಂದ ನಡೆದುಬಂದ ನಂಬಿಗೆಯು ಒಂದು ವಾರದಲ್ಲಿ ಒಡೆದೀತು. ಹೀಗೆ ಈ ಯಂತ್ರವು ಅನೇಕ ಮನೆಗಳ ಅನ್ನದ ಲೆಕ್ಕವನ್ನು ಹೊತ್ತುಕೊಂಡಿರುತ್ತದೆ.

ಆದುದರಿಂದ ಪ್ರವಾಸದ ವ್ಯಾಪಾರಕ್ಕೆ ಕೊಳ್ಳುವ ಲ್ಯಾಪ್‌ಟಾಪಿಗೆ ಮೂರು ಗುಣಗಳು ಅವಶ್ಯವೆಂದು ನಾವು ಹೇಳುವೆವು. ಒಂದು ದಿನದ ದಾರಿಯನ್ನು ದಣಿಯದೆ ನಡೆಯಬೇಕು. ನಮ್ಮ ಕೆಲಸದ ಪ್ರೋಗ್ರಾಮುಗಳನ್ನು ತಕರಾರಿಲ್ಲದೆ ನಡೆಸಿ, ಕೆಟ್ಟರೆ ನಮ್ಮ ಸೀಮೆಯಲ್ಲಿಯೇ ರಿಪೇರಿಯಾಗುವಂತಿರಬೇಕು. ಮೂರನೆಯದಾಗಿ, ಅದು ಕಳೆದುಹೋದರೂ ಲೆಕ್ಕವು ಕಳೆಯದಂತೆ ಏರ್ಪಾಡಿರಬೇಕು. ಮೊದಲಿನೆರಡು ಗುಣಗಳನ್ನು ಹಣಕೊಟ್ಟು ಕೊಳ್ಳಬಹುದು. ಮೂರನೆಯದನ್ನು ನಾವೇ ರೂಢಿಯಿಂದ ಸಂಪಾದಿಸಬೇಕು.

ಮೊದಲು ತೂಕದ ವಿಚಾರ. ಹೊತ್ತು ತಿರುಗಬಹುದಾದ ಕಂಪ್ಯೂಟರೆಂದು ೧೯೮೧ರಲ್ಲಿ ಪೇಟೆಗೆ ಬಂದ ಆಸ್ಬೋರ್ನ್ ಯಂತ್ರವು ಸುಮಾರು ೧೧ ಕಿಲೋ ತೂಗುತ್ತಿತ್ತು. ಅದರ ಪರದೆಯು ೫ ಅಂಗುಲದ್ದು, ಗೋಡೆಯ ವಿದ್ಯುತ್ತಿಲ್ಲದೆ ಅದು ನಡೆಯುತ್ತಿರಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ತೂಕವು ಬಹಳ ಇಳಿದಿದೆ. ಇಂದಿನ ೧೪ ಅಂಗುಲದ ಲ್ಯಾಪ್‌ಟಾಪು ಸಾಮಾನ್ಯವಾಗಿ ಒಂದೂಕಾಲರಿಂದ ಒಂದೂವರೆ ಕಿಲೋ ಇರುತ್ತದೆ. ೧೫ ಅಥವಾ ೧೬ ಅಂಗುಲದ್ದು ಒಂದೂಮುಕ್ಕಾಲರಿಂದ ಎರಡು ಕಿಲೋ. ಆಟಗಳಿಗಾಗಿ ಮಾಡಿದ ಯಂತ್ರಗಳು ಇದಕ್ಕೂ ಭಾರ, ಅವುಗಳ ಚಾರ್ಜರೇ ಅರ್ಧ ಕಿಲೋ ಮೀರಬಹುದು. ಅಂಗಡಿಯ ಮೇಜಿನ ಮೇಲೆ ಅರ್ಧ ಕಿಲೋ ಹೆಚ್ಚು ಕಡಿಮೆಯು ತಿಳಿಯದು. ಸೀರೆಯ ಮಾದರಿಗಳ ಗಂಟನ್ನು ಒಂದು ಕೈಯಲ್ಲಿ ಹಿಡಿದು ಬಸ್ಸಿನಿಂದ ಬಸ್ಸಿಗೆ ಹತ್ತಿಳಿಯುವವನ ಹೆಗಲಿಗೆ ಅದು ಸಂಜೆಯ ಹೊತ್ತಿಗೆ ಚೆನ್ನಾಗಿ ತಿಳಿಯುತ್ತದೆ.

ಮುಧೋಳದ ಬೇಟೆನಾಯಿಯನ್ನು ಕಂಡವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಅದರ ನಡು ಸಣ್ಣದು, ಎದೆ ಆಳವಾದುದು, ದಮ್ಮು ದೊಡ್ಡದು. ಪ್ರವಾಸದ ಲ್ಯಾಪ್‌ಟಾಪೂ ಹಾಗೆಯೇ ಇರಬೇಕು. ನಾವು ೧೪ ಅಂಗುಲದ್ದನ್ನೇ ಮೆಚ್ಚುವೆವು. ಇದರಲ್ಲೊಂದು ಕೊರತೆಯುಂಟು. ಲೆಕ್ಕ ಬರೆಯುವವರಿಗೆ ಬಲಗಡೆಯ ಅಂಕಿಗಳ ಗುಂಡಿಸಾಲು ಬೇಕಾಗುವದು, ಮತ್ತು ಸಣ್ಣ ಯಂತ್ರಗಳಲ್ಲಿ ಅದು ಇರುವದಿಲ್ಲ. ಆದರೆ ಅಂಕಿಗಳ ಗುಂಡಿಪಟ್ಟಿಯನ್ನು ಪ್ರತ್ಯೇಕವಾಗಿ ಕೆಲವೇ ನೂರು ರೂಪಾಯಿಗೆ ಕೊಂಡು ಅಂಗಡಿಯಲ್ಲಿಟ್ಟುಕೊಳ್ಳಬಹುದು. ಅದೊಂದಕ್ಕಾಗಿ ವರ್ಷವಿಡೀ ದೊಡ್ಡ ಯಂತ್ರವನ್ನು ಹೊರುವದು ಜಾಣತನವಲ್ಲ.

ಎರಡನೆಯದು ಬ್ಯಾಟರಿ. ಲಿಥಿಯಮ್-ಅಯಾನ್ ಬ್ಯಾಟರಿಯನ್ನು ೧೯೯೧ರಲ್ಲಿ ಜಪಾನಿನ ಸೋನಿ ಕಂಪನಿಯು ಮೊದಲು ಪೇಟೆಗೆ ತಂದಿತು. ಅದರ ಆಧಾರದ ಸಂಶೋಧನೆಗೆ ೨೦೧೯ರಲ್ಲಿ ಮೂವರು ವಿಜ್ಞಾನಿಗಳಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ಇಂದಿನ ಲ್ಯಾಪ್‌ಟಾಪುಗಳೆಲ್ಲ ಇದರ ಬಲದಿಂದಲೇ ನಡೆಯುವವು. ಜಾಹೀರಾತಿನಲ್ಲಿ ಹೇಳುವ “ಇಷ್ಟು ತಾಸು” ಎಂಬ ಮಾತನ್ನು ಬಿಟ್ಟು, ಬ್ಯಾಟರಿಯ ಮೇಲೆ ಬರೆದಿರುವ ವಾಟ್-ತಾಸುಗಳ ಅಂಕಿಯನ್ನು ನೋಡತಕ್ಕದ್ದು. ಲೆಕ್ಕವು ಸರಳವಾದುದು. ಬ್ಯಾಟರಿಯು ೫೦ ವಾಟ್-ತಾಸಿನದಾಗಿದ್ದು, ಬರವಣಿಗೆ ಲೆಕ್ಕಗಳ ಕೆಲಸಕ್ಕೆ ಯಂತ್ರವು ತಾಸಿಗೆ ೮ರಿಂದ ೧೦ ವಾಟ್-ತಾಸು ತಿಂದರೆ, ಐದಾರು ತಾಸು ನಡೆಯುತ್ತದೆ. ಪರದೆಯನ್ನು ಪೂರ್ಣ ಬೆಳಗಿಸಿ ಗಿರಾಕಿಯೊಡನೆ ವಿಡಿಯೋ ಮಾತುಕತೆಗೆ ಕುಳಿತು ಅದು ೧೫ ತಿಂದರೆ, ಮೂರೂಕಾಲು ತಾಸಿಗೆ ಮುಗಿಯಿತು. ಇಡಿಯ ದಿನದ ಪ್ರವಾಸಿಗಳು ೫೫ರಿಂದ ೭೦ ವಾಟ್-ತಾಸುಗಳ ಬ್ಯಾಟರಿಯನ್ನು ಕೇಳಿ ಕೊಳ್ಳಬೇಕು. ಬ್ಯಾಟರಿಯು ವರ್ಷ ವರ್ಷಕ್ಕೆ ಸೊರಗುವದೆಂಬುದನ್ನೂ ನೆನಪಿಡಬೇಕು. ಮೊದಲ ದಿನ ಕಷ್ಟದಿಂದ ಸಾಲುವ ಬ್ಯಾಟರಿಯು ಮೂರನೆಯ ವರ್ಷಕ್ಕೆ ಖಂಡಿತವಾಗಿ ಸಾಲದು.

ರೈಲಿನಲ್ಲಿ ಚಾರ್ಜು ಮಾಡಿಕೊಳ್ಳಬಹುದಲ್ಲ ಎಂದು ಕೆಲವರು ಅನ್ನಬಹುದು. ಸಾಕೆಟ್ಟು ಎಲ್ಲ ಆಸನಗಳ ಬಳಿಯಲ್ಲಿ ಇರುವದಿಲ್ಲ, ಇದ್ದುದು ಯಾವಾಗಲೂ ನಡೆಯುವದೂ ಇಲ್ಲ. ೨೦೨೧ರಲ್ಲಿ ರೈಲ್ವೆಯವರು ಬೆಂಕಿಯ ಭಯದಿಂದ ರಾತ್ರಿ ೧೧ರಿಂದ ಬೆಳಗಿನ ೫ರ ವರೆಗೆ ಡಬ್ಬಿಗಳ ಚಾರ್ಜಿಂಗ್ ಸಾಕೆಟ್ಟುಗಳನ್ನು ಬಂದು ಮಾಡುವ ಕ್ರಮವನ್ನು ಪ್ರಕಟಿಸಿದ್ದರು. ರಾತ್ರಿಯ ಪ್ರವಾಸದಲ್ಲಿ ಬ್ಯಾಟರಿ ತುಂಬಿಕೊಳ್ಳುವೆವೆಂಬ ಭರವಸೆಯಿಂದ ಹೊರಡದಿರುವದೇ ಕ್ಷೇಮ. ಆದರೆ ಒಂದು ಅನುಕೂಲತೆಯು ಈಚೆಗೆ ಬಂದಿದೆ. ಅದು ಟೈಪ್-ಸಿ ಎಂಬ ಅಂಡಾಕಾರದ ರಂಧ್ರದಿಂದ ಚಾರ್ಜಾಗುವ ಲ್ಯಾಪ್‌ಟಾಪು. ಅಂಥದನ್ನು ಕೊಂಡರೆ ೬೫ ವಾಟಿನ ಒಂದೇ ಚಾರ್ಜರಿನಿಂದ ಲ್ಯಾಪ್‌ಟಾಪೂ ಫೋನೂ ಎರಡೂ ತುಂಬುವವು. ಚಾರ್ಜರನ್ನು ಲಾಜಿನಲ್ಲಿ ಮರೆತರೆ ಮುಂದಿನ ಊರಿನ ಪೇಟೆಯಲ್ಲಿ ಮತ್ತೊಂದು ಸುಲಭವಾಗಿ ಸಿಕ್ಕೀತು. ವಿಶಿಷ್ಟ ಆಕಾರದ ಹಳೆಯ ಬಗೆಯ ಚಾರ್ಜರು ಎಲ್ಲೆಂದರಲ್ಲಿ ಸಿಕ್ಕದು. ವಿಮಾನದಲ್ಲಿ ಹೋಗುವವರು ೧೦೦ ವಾಟ್-ತಾಸಿನೊಳಗಿನ ಪವರ್ ಬ್ಯಾಂಕನ್ನೇ ಕೊಳ್ಳಬೇಕು, ಮತ್ತು ಅದನ್ನು ಕೈಚೀಲದಲ್ಲಿಯೇ ಒಯ್ಯಬೇಕು. ವಿಮಾನದ ಸಾಮಾನಿನ ಕೋಣೆಗೆ ಹಾಕುವ ಪೆಟ್ಟಿಗೆಯಲ್ಲಿ ಅದಕ್ಕೆ ಅವಕಾಶವಿಲ್ಲ.

ಇನ್ನು ನಮ್ಮ ಬೇಸಿಗೆಯನ್ನು ಯಂತ್ರವು ಸಹಿಸಬೇಕು. ಬಹುಮಟ್ಟಿನ ಲ್ಯಾಪ್‌ಟಾಪುಗಳನ್ನು ೩೫ ಡಿಗ್ರಿಯೊಳಗಿನ ಸೆಖೆಯಲ್ಲಿ ನಡೆಸಬೇಕೆಂದು ತಯಾರಕರೇ ಹೇಳುತ್ತಾರೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಬೀಳಗಿಯ ಬಿಸಿಲು ಆ ಮಿತಿಯನ್ನು ದಾಟುವದು. ಕಿಟಕಿ ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಮೋಟಾರಿನೊಳಗೆ ಸೆಖೆಯು ಇನ್ನೂ ಹೆಚ್ಚು, ಮತ್ತು ಲಿಥಿಯಮ್ ಬ್ಯಾಟರಿಗೆ ಸೆಖೆಯಂಥ ವೈರಿ ಬೇರೊಂದಿಲ್ಲ. ಊಟಕ್ಕೆ ಇಳಿದಾಗ ಲ್ಯಾಪ್‌ಟಾಪನ್ನು ಮೋಟಾರಿನಲ್ಲಿ ಬಿಡಬಾರದು. ಅಂಗಡಿಯಲ್ಲಿ ಸದಾ ಸಾಕೆಟ್ಟಿಗೆ ಹಚ್ಚಿಡುವವರು ಚಾರ್ಜನ್ನು ನೂರಕ್ಕೆ ೮೦ರ ಹತ್ತಿರ ನಿಲ್ಲಿಸುವ ಅನುಕೂಲತೆಯು ತಮ್ಮ ಯಂತ್ರದಲ್ಲಿದ್ದರೆ ಅದನ್ನು ಉಪಯೋಗಿಸಿಕೊಂಡು, ಪ್ರವಾಸದ ಹಿಂದಿನ ರಾತ್ರಿ ಮಾತ್ರ ಪೂರ್ಣ ತುಂಬಿಕೊಳ್ಳಬೇಕು. ಮಗ್ಗದ ಶೆಡ್ಡಿನಲ್ಲಿ ಇಡುವವರು ಮತ್ತೊಂದನ್ನು ಗಮನಿಸಬೇಕು. ನೂಲಿನ ನವಿರಾದ ಧೂಳು ಒಳಗಿನ ಪಂಖದ ದಾರಿಯನ್ನು ಕಟ್ಟುವದು. ಆರು ತಿಂಗಳಿಗೊಮ್ಮೆ ತಿಳಿದವರಿಂದ ಅದನ್ನು ಸ್ವಚ್ಛ ಮಾಡಿಸಬೇಕು.

ಈಗ ಕೆಲಸದ ಪ್ರೋಗ್ರಾಮುಗಳ ವಿಚಾರ. ನಮ್ಮ ವ್ಯಾಪಾರಸ್ಥರಲ್ಲಿ ಬಹುಜನರ ಲೆಕ್ಕವು ಟ್ಯಾಲಿಯಲ್ಲಿ ಇರುತ್ತದೆ. ೧೯೮೬ರಲ್ಲಿ ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಮಗ ಭರತ ಗೋಯೆಂಕಾ ಇವರು ಆರಂಭಿಸಿದ ಸಂಸ್ಥೆಯಿಂದ ಬಂದ ಈ ಪ್ರೋಗ್ರಾಮು ಇಂದು ದೇಶದ ತುಂಬ ಹಬ್ಬಿದೆ. ಆ ಸಂಸ್ಥೆಯ ಮುಖ್ಯ ಕಚೇರಿಯು ಬೆಂಗಳೂರಿನಲ್ಲಿಯೇ ಇದೆ. ಟ್ಯಾಲಿಯು ವಿಂಡೋಸಿಗಾಗಿ ರಚಿತವಾದುದು. ಆ್ಯಪಲ್ಲಿನ ಮ್ಯಾಕ್ ಯಂತ್ರದಲ್ಲಾಗಲಿ ಕ್ರೋಮ್‌ಬುಕ್ಕಿನಲ್ಲಾಗಲಿ ಅದು ನೇರವಾಗಿ ನಡೆಯದು. ಆ ಯಂತ್ರಗಳು ಸುಂದರವಾಗಿಯೂ ಹಗುರವಾಗಿಯೂ ಇರಬಹುದು. ಆದರೆ ಕೀರ್ದಿಯನ್ನೇ ತೆರೆಯಲಾರದ ಪೆಟ್ಟಿಗೆಯು ಸೀರೆಯ ವ್ಯಾಪಾರಿಗೆ ಏಕೆ? ಕಂಪನಿ ಅಥವಾ ಎಲ್‌ಎಲ್‌ಪಿ ಮಾಡಿಕೊಂಡವರು ಜಿಎಸ್‌ಟಿಯ ಕಾಗದಗಳಿಗೆ ಡಿಜಿಟಲ್ ಸಹಿಯ ಟೋಕನ್ನನ್ನು ಹಚ್ಚಬೇಕಾಗುವದು. ಅದು ಸಾಮಾನ್ಯವಾಗಿ ಹಳೆಯ ಅಗಲವಾದ ಯುಎಸ್‌ಬಿ ರಂಧ್ರಕ್ಕೆ ಕೂಡುವಂಥದು. ಬಹಳ ತೆಳ್ಳಗಿನ ಕೆಲವು ಲ್ಯಾಪ್‌ಟಾಪುಗಳಲ್ಲಿ ಆ ರಂಧ್ರವೇ ಇರುವದಿಲ್ಲ. ಕೊಳ್ಳುವ ಮೊದಲು ಟೋಕನ್ನನ್ನೂ ಪ್ರಿಂಟರಿನ ಹೆಸರನ್ನೂ ಒಯ್ದು, ಇವು ಈ ಯಂತ್ರದಲ್ಲಿ ನಡೆಯುವವೋ ಎಂದು ಅಂಗಡಿಯಲ್ಲಿಯೇ ಪರೀಕ್ಷಿಸಿ ನೋಡತಕ್ಕದ್ದು.

೨೦೧೭ರ ಜುಲೈ ೧ರಂದು ಜಿಎಸ್‌ಟಿಯು ಜಾರಿಯಾದ ಮೇಲೆ ಪ್ರವಾಸದಲ್ಲಿರುವ ವ್ಯಾಪಾರಿಗೂ ಕಚೇರಿಯ ಕೆಲಸವು ತಪ್ಪದಾಗಿದೆ. ೨೦೧೮ರ ಏಪ್ರಿಲ್ ೧ರಿಂದ ೫೦,೦೦೦ ರೂಪಾಯಿಗೆ ಮೀರಿದ ಸರಕನ್ನು ಬೇರೆ ರಾಜ್ಯಕ್ಕೆ ಕಳಿಸಲು ಇ-ವೇ ಬಿಲ್ಲು ಬೇಕು. ಅದು ಸಾಮಾನ್ಯವಾಗಿ ೨೦೦ ಕಿಲೋಮೀಟರಿಗೆ ಒಂದು ದಿನದಂತೆ ಊರ್ಜಿತವಿರುತ್ತದೆ. ಲಾರಿಯು ದಾರಿಯಲ್ಲಿ ಕೆಟ್ಟು ಸರಕು ಬೇರೆ ಲಾರಿಗೆ ಏರಿದರೆ ಹೊಸ ಗಾಡಿಯ ಸಂಖ್ಯೆಯನ್ನು ಆ ಬಿಲ್ಲಿಗೆ ಸೇರಿಸಬೇಕು. ಇಷ್ಟನ್ನು ಫೋನಿನಲ್ಲಿಯೂ ಮಾಡಬಹುದು. ಆದರೆ ಹತ್ತು ಬಿಲ್ಲುಗಳನ್ನು ತಾಳೆ ನೋಡಿ ತಿದ್ದುವ ಕೆಲಸಕ್ಕೆ ಅಂಗೈಯಗಲದ ಪರದೆಯು ಸಾಲದು. ಲ್ಯಾಪ್‌ಟಾಪಿನ ನಿಜವಾದ ಉಪಯೋಗವು ಇಂಥ ಹೊತ್ತಿನಲ್ಲಿಯೇ. ಆ ಹೊತ್ತಿಗೆ ಅದು ಎಚ್ಚತ್ತಿರಬೇಕು.

ಯಂತ್ರದ ಒಳಗಿನ ಶಕ್ತಿಯ ಕುರಿತು ಮಾರುವವನು ಬಹಳ ಮಾತಾಡುವನು. ಲೆಕ್ಕ, ಪತ್ರವ್ಯವಹಾರ, ಚಿತ್ರಗಳ ಪ್ರದರ್ಶನ ಇಷ್ಟು ಕೆಲಸಕ್ಕೆ ಮಧ್ಯಮ ತರಗತಿಯ ಪ್ರೊಸೆಸರು ಸಾಕು. ಅದರಲ್ಲಿ ಉಳಿಸಿದ ಹಣವನ್ನು ಮೆಮೊರಿಗೆ ಹಾಕುವದು ಲೇಸು. ೮ ಜೀಬಿ ಮೆಮೊರಿಯು ಇಂದಿಗೆ ಸಾಲಬಹುದು, ೧೬ ಜೀಬಿಯಾದರೆ ನಾಲ್ಕೈದು ವರ್ಷ ಚಿಂತೆಯಿಲ್ಲ. ತೆಳ್ಳಗಿನ ಯಂತ್ರಗಳಲ್ಲಿ ಮೆಮೊರಿಯನ್ನು ಬೆಸೆದೇ ಬಿಟ್ಟಿರುವದುಂಟು, ಅಂಥಲ್ಲಿ ಮುಂದೆ ಹೆಚ್ಚಿಸಲು ಬರುವದಿಲ್ಲ. ಸಂಗ್ರಹಕ್ಕೆ ತಿರುಗುವ ತಟ್ಟೆಯ ಹಳೆಯ ಹಾರ್ಡ್ ಡಿಸ್ಕನ್ನು ಪ್ರವಾಸಿಗಳು ಬಯಸಬಾರದು. ನಮ್ಮ ರಸ್ತೆಗಳ ಕುಲುಕಾಟಕ್ಕೆ ಎಸ್‌ಎಸ್‌ಡಿಯೇ ತಕ್ಕದ್ದು, ಏಕೆಂದರೆ ಅದರೊಳಗೆ ತಿರುಗುವ ಭಾಗವೇ ಇಲ್ಲ. ಸೀರೆಗಳ ಚಿತ್ರಗಳನ್ನು ತುಂಬಿಕೊಳ್ಳುವವರಿಗೆ ೫೧೨ ಜೀಬಿ ಇರಲಿ.

ಬಳಸಿದ ಲ್ಯಾಪ್‌ಟಾಪನ್ನು ಅಗ್ಗಕ್ಕೆ ಕೊಳ್ಳುವವರಿಗೆ ಒಂದು ಎಚ್ಚರಿಕೆಯ ಮಾತು. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ಕಂಪನಿಯು ಕೊಡುತ್ತಿದ್ದ ಸಾಮಾನ್ಯ ಸಂರಕ್ಷಣೆಯು ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿದಿದೆ. ವಿಂಡೋಸ್ ೧೧ಕ್ಕೆ ಟಿಪಿಎಮ್ ೨.೦ ಎಂಬ ಭದ್ರತೆಯ ಅಂಗವೂ, ಇಂಟೆಲ್ಲಿನದಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯ ಅಥವಾ ನಂತರದ ಪ್ರೊಸೆಸರೂ ಬೇಕು. ಅದಕ್ಕೂ ಹಿಂದಿನ ಯಂತ್ರವು ನೋಡಲು ಹೊಸದರಂತಿದ್ದರೂ ಬ್ಯಾಂಕಿನ ವ್ಯವಹಾರಕ್ಕೆ ಯೋಗ್ಯವಲ್ಲ. ಬೀಗವು ಸವೆದ ತಿಜೋರಿಯನ್ನು ಅಗ್ಗವೆಂದು ಕೊಂಡಂತೆ ಆದೀತು. ಈ ಎರಡು ಪರೀಕ್ಷೆಗಳಲ್ಲಿ ತೇರ್ಗಡೆಯಾದ ಬಳಸಿದ ಯಂತ್ರಕ್ಕೆ ಹೊಸ ಬ್ಯಾಟರಿ ಹಾಕಿಸಿಕೊಳ್ಳುವದರಲ್ಲಿ ತಪ್ಪೇನೂ ಇಲ್ಲ.

ಸೀರೆಯ ವ್ಯಾಪಾರಿಗೆ ಪರದೆಯ ಬಣ್ಣವು ಬಂಡವಾಳದ ಮಾತು. ಅಗ್ಗದ ಲ್ಯಾಪ್‌ಟಾಪುಗಳ ವಿವರಪತ್ರದಲ್ಲಿ “೪೫% ಎನ್‌ಟಿಎಸ್‌ಸಿ” ಎಂದು ಬರೆದಿರುತ್ತದೆ. ಅಂಥ ಪರದೆಯಲ್ಲಿ ಕಡುಗೆಂಪು, ರಾಣಿಬಣ್ಣ, ನವಿಲಹಸಿರು ಮೊದಲಾದ ಗಾಢವರ್ಣಗಳು ಮಾಸಿದಂತೆ ಕಾಣುವವು. ಗಿರಾಕಿಯು ಮಾಸಿದ ಬಣ್ಣವನ್ನು ಮೆಚ್ಚಿ ಹೇಳಿಕಳಿಸಿ, ಸರಕು ಬಂದಾಗ ಬೇರೆ ಬಣ್ಣವೆಂದು ತಿರುಗಿಸಿದರೆ, ಹೋಗಿಬರುವ ಬಾಡಿಗೆಯ ಹೊರೆಯು ಯಾರ ತಲೆಯ ಮೇಲೆ? “೧೦೦% ಎಸ್‌ಆರ್‌ಜಿಬಿ” ಎಂದು ಬರೆದ ಪರದೆಯನ್ನು ಕೇಳಿ ಕೊಳ್ಳಬೇಕು. ಬೆಳಕು ೩೦೦ ನಿಟ್ಸಿಗೆ ಕಡಿಮೆಯಿರಬಾರದು, ಅದಕ್ಕೆ ಕಡಿಮೆಯಾದರೆ ಅಂಗಡಿಯ ಕಟ್ಟೆಯ ಮೇಲೆ ಹಗಲಿನಲ್ಲಿ ಏನೂ ಕಾಣಿಸದು. ಇಷ್ಟಾದರೂ ದೊಡ್ಡ ಹೇಳಿಕೆಯನ್ನು ಒಪ್ಪಿಕೊಳ್ಳುವ ಮೊದಲು ಅಂಗೈಯಗಲದ ನಿಜವಾದ ಅರಿವೆಯ ತುಂಡನ್ನು ತೋರಿಸುವ ಹಿರಿಯರ ಪದ್ಧತಿಯನ್ನು ಬಿಡಬಾರದೆಂದು ನಾವು ಹೇಳುವೆವು.

ಕನ್ನಡದಲ್ಲಿ ಲೆಕ್ಕಪತ್ರ ಬರೆಯುವವರು ಗುಂಡಿಗಳ ವಿಚಾರದಲ್ಲಿ ಹೆದರಬೇಕಾಗಿಲ್ಲ. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವೂ ಕನ್ನಡ ಗಣಕ ಪರಿಷತ್ತಿನ ನುಡಿಯೂ ಬಹಳ ಜನರಿಗೆ ರೂಢಿಯಾಗಿವೆ. ೨೦೧೯ರಿಂದ ವಿಂಡೋಸಿನಲ್ಲಿಯೇ ಉಚ್ಚಾರಣೆಯಂತೆ ಒತ್ತುವ ಕನ್ನಡದ ಏರ್ಪಾಡೂ ಇದೆ. ಬರೆಯುವದನ್ನು ಯುನಿಕೋಡಿನಲ್ಲಿಯೇ ಬರೆಯತಕ್ಕದ್ದು. ಹಳೆಯ ಫಾಂಟುಗಳಲ್ಲಿ ಬರೆದ ಕಡತವು ಬೇರೆಯವರ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುವದು. ಈ ಸೀಮೆಯ ಹಳೆಯ ದಫ್ತರಗಳಲ್ಲಿ ಮೋಡಿ ಅಕ್ಷರದ ಕಾಗದಗಳಿದ್ದ ಮನೆಗಳು ಅನೇಕ. ಅಜ್ಜನು ಸರಾಗವಾಗಿ ಓದಿದ್ದನ್ನು ಮೊಮ್ಮಗನು ಓದಲಾರನು. ಇಪ್ಪತ್ತು ವರ್ಷಗಳ ಮೇಲೆ ನಮ್ಮ ಕಡತಗಳೂ ಮೋಡಿಯಾಗಬಾರದೆಂದಿದ್ದರೆ, ವರ್ಷಾಂತ್ಯದಲ್ಲಿ, ಎಂದರೆ ಮಾರ್ಚ್ ೩೧ರ ಲೆಕ್ಕ ಮುಗಿದ ಮೇಲೆ, ಖಾತಾವಣಿಯನ್ನು ಪಿಡಿಎಫ್ ಮಾಡಿಯೂ ಮುಖ್ಯ ಪುಟಗಳನ್ನು ಕಾಗದದ ಮೇಲೆ ಅಚ್ಚು ಮಾಡಿಯೂ ಇಡತಕ್ಕದ್ದು.

ಕೊಳ್ಳುವ ದಿನ ಕೇಳಬೇಕಾದ ಮಾತುಗಳು ಇನ್ನೆರಡು. ಮೊದಲನೆಯದು ರಿಪೇರಿಯ ಹೊಣೆ. ವಾರಂಟಿಯು ಮೂರು ವರ್ಷದ್ದಾಗಿದ್ದರೂ, ಯಂತ್ರವನ್ನು ನಾವೇ ದೂರದ ಊರಿಗೆ ಒಯ್ದು ಹದಿನೈದು ದಿನ ಬಿಟ್ಟು ಬರಬೇಕಾದರೆ ಅದರಿಂದ ಪ್ರಯೋಜನವು ಅರ್ಧವೇ ಸರಿ. ೫೮೭ರಿಂದ ಮೊದಲಾಗುವ ನಮ್ಮ ಪಿನ್ ಕೋಡನ್ನು ಹೇಳಿ, ಈ ಸ್ಥಳಕ್ಕೆ ಮನೆಬಾಗಿಲ ಸೇವೆಯುಂಟೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಎರಡನೆಯದು ಬಿಲ್ಲು. ಲ್ಯಾಪ್‌ಟಾಪಿಗೆ ನೂರಕ್ಕೆ ೧೮ರಂತೆ ಜಿಎಸ್‌ಟಿಯುಂಟು. ೫೦,೦೦೦ ರೂಪಾಯಿಯ ಯಂತ್ರಕ್ಕೆ ತೆರಿಗೆಯು ೯,೦೦೦ ಆಗುವದು. ವ್ಯಾಪಾರದ ಉಪಯೋಗಕ್ಕೆ ಕೊಳ್ಳುವ ನೋಂದಾಯಿತ ವ್ಯಾಪಾರಿಯು ತನ್ನ ಜಿಎಸ್‌ಟಿ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿದರೆ ಆ ೯,೦೦೦ವನ್ನು ತಾನು ಕಟ್ಟುವ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಕಾಂಪೋಜಿಶನ್ ಪದ್ಧತಿಯಲ್ಲಿರುವವರಿಗೆ ಮಾತ್ರ ಈ ಅನುಕೂಲತೆಯಿಲ್ಲ.

ಇಷ್ಟೆಲ್ಲ ನೋಡಿ ಕೊಂಡ ಯಂತ್ರವೂ ಒಂದು ದಿನ ಬಸ್ಸಿನಲ್ಲಿ ಉಳಿಯಬಹುದು, ಕಳವಾಗಬಹುದು, ಚಹದ ಬಟ್ಟಲು ಅದರ ಮೇಲೆ ಉರುಳಬಹುದು. ಇಲ್ಲಿಂದ ಮೂರನೆಯ ಗುಣದ ವಿಚಾರವು ಆರಂಭವಾಗುವದು. ಮೊದಲು ಕಳ್ಳನ ಕೈಗೆ ಲೆಕ್ಕವು ಸಿಕ್ಕಬಾರದು. ವಿಂಡೋಸಿನ ಪ್ರೊ ಆವೃತ್ತಿಯಲ್ಲಿ ಬಿಟ್‌ಲಾಕರ್ ಎಂಬ ಗುಪ್ತಲಿಪಿಯ ಬೀಗವುಂಟು, ಹೋಮ್ ಆವೃತ್ತಿಯಲ್ಲಿಯೂ ಬಹಳ ಯಂತ್ರಗಳಿಗೆ ಅದರ ಸರಳ ರೂಪವುಂಟು. ಅದನ್ನು ಹಾಕಿ, ಅದರ ೪೮ ಅಂಕಿಗಳ ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದು ಮನೆಯಲ್ಲಿಡಬೇಕು. ಲಾಜಿನ ಅಥವಾ ನಿಲ್ದಾಣದ ಪುಕ್ಕಟೆ ವೈಫೈಯಲ್ಲಿ ಬ್ಯಾಂಕಿನ ಕೆಲಸ ಮಾಡದೆ, ತಮ್ಮ ಫೋನಿನ ಹಾಟ್‌ಸ್ಪಾಟನ್ನೇ ಉಪಯೋಗಿಸಬೇ­ಕು.

ಎರಡನೆಯದಾಗಿ ಲೆಕ್ಕದ ಪ್ರತಿಗಳು. ತಿಳಿದವರು ಹೇಳುವ ನಿಯಮವು ಮೂರು, ಎರಡು, ಒಂದು ಎಂದು. ಪ್ರತಿಗಳು ಮೂರು, ಇಡುವ ಸಾಧನಗಳು ಎರಡು ಬಗೆಯವು, ಅವುಗಳಲ್ಲಿ ಒಂದು ಪ್ರತಿಯು ಬೇರೆ ಊರಿನಲ್ಲಿ. ಲ್ಯಾಪ್‌ಟಾಪಿನ ಚೀಲದಲ್ಲಿಯೇ ಇಟ್ಟ ಪೆನ್ ಡ್ರೈವು ಪ್ರತಿಯಲ್ಲ, ಏಕೆಂದರೆ ಚೀಲವು ಹೋದರೆ ಎರಡೂ ಹೋಗುವವು. ಮನೆಯಲ್ಲಿರುವ ಒಂದೇ ಪ್ರತಿಯೂ ಸಾಲದು. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆಯೂ ಘಟಪ್ರಭೆಯೂ ಉಕ್ಕಿ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಗಳ ಕಡೆಯ ಮನೆ ಮಗ್ಗಗಳಿಗೆ ನೀರು ಹೊಕ್ಕುದನ್ನು ನಾವು ಮರೆಯಬಾರದು. ಆದ್ದರಿಂದ ಒಂದು ಪ್ರತಿಯು ಯಂತ್ರದಲ್ಲಿಯೂ, ಒಂದು ಮನೆಯ ಕಪಾಟಿನಲ್ಲಿಯೂ, ಮತ್ತೊಂದು ಇಂಟರ್ನೆಟ್ಟಿನ ಸಂಗ್ರಹದಲ್ಲಿ ಅಥವಾ ಪರಸ್ಥಳದ ಬಂಧುಗಳ ಮನೆಯಲ್ಲಿಯೂ ಇರಲಿ. ಪ್ರವಾಸಕ್ಕೆ ಹೊರಡುವ ಹಿಂದಿನ ಸಂಜೆ ಪ್ರತಿ ತೆಗೆಯುವದನ್ನು ದೇವರಿಗೆ ದೀಪ ಹಚ್ಚಿದಂತೆ ತಪ್ಪದೆ ಮಾಡಬೇಕು. ಮೂರು ತಿಂಗಳಿಗೊಮ್ಮೆ ಆ ಪ್ರತಿಯು ಬೇರೊಂದು ಯಂತ್ರದಲ್ಲಿ ತೆರೆಯುವದೋ ಎಂದು ಪರೀಕ್ಷಿಸಬೇಕು. ತೆರೆಯದ ಪ್ರತಿಯು ಬರಿದಾದ ಕಣಜದಂತೆ.

ಕೊನೆಯ ಮಾತನ್ನು ನಾವು ಮನೆಯ ಯಜಮಾನರಿಗೆ ವಿಶೇಷವಾಗಿ ಹೇಳಬಯಸುವೆವು. ಪಾಸ್‌ವರ್ಡು ಒಬ್ಬನ ತಲೆಯಲ್ಲಿಯೇ ಉಳಿದರೆ, ಅವನು ಪರಸ್ಥಳದಲ್ಲಿ ಜಡ್ಡಾಗಿ ಮಲಗಿದ ದಿನ ಮನೆಯವರು ಬೀಗ ಹಾಕಿದ ದಫ್ತರದ ಮುಂದೆ ಕೈಕಟ್ಟಿ ಕೂಡಬೇಕಾಗುವದು. ಯಾರಿಂದ ಹಣ ಬರಬೇಕು, ಯಾವ ನೇಕಾರನಿಗೆ ಶನಿವಾರ ಕೂಲಿ ಕೊಡಬೇಕು, ಯಾವ ಬ್ಯಾಂಕಿನ ಕಂತು ಎಂದು ತುಂಬಬೇಕು ಎಂಬುದು ಯಾರಿಗೂ ತಿಳಿಯದು. ವಹಿಯ ಕಾಲದಲ್ಲಿ ಮನೆಯಾಕೆಯೋ ಹಿರಿಯ ಮಗನೋ ಕೆಂಪು ಬಟ್ಟೆಯ ಗಂಟನ್ನು ಬಿಚ್ಚಿ ನೋಡಬಹುದಾಗಿತ್ತು. ಈಗಲೂ ಹಾಗೆಯೇ ಆಗಬೇಕು. ಪಾಸ್‌ವರ್ಡುಗಳನ್ನೂ ರಿಕವರಿ ಕೀಲಿಯನ್ನೂ ಒಂದು ಲಕೋಟೆಯಲ್ಲಿ ಬರೆದು ಮೊಹರು ಮಾಡಿ ಕಪಾಟಿನಲ್ಲಿಟ್ಟು, ಹೆಂಡತಿಗೆ ಅಥವಾ ಓದಿದ ಮಗಳಿಗೆ ಅದರ ಸ್ಥಳವನ್ನು ತಿಳಿಸಬೇಕು. ಮನೆಯಲ್ಲಿ ಇನ್ನೊಬ್ಬರಾದರೂ ಟ್ಯಾಲಿಯನ್ನು ತೆರೆದು ಬಾಕಿಯ ಪಟ್ಟಿಯನ್ನು ಓದಲು ಕಲಿತಿರಬೇಕು. ಇದಕ್ಕೆ ಒಂದು ವಾರದ ಸಂಜೆಗಳು ಸಾಕು.

ದೀಪಾವಳಿಯಲ್ಲಿ ವಹಿಗಳ ಜೊತೆಗೆ ಲ್ಯಾಪ್‌ಟಾಪಿಗೂ ಕುಂಕುಮವನ್ನು ಹಚ್ಚುವ ಪದ್ಧತಿಯು ಅನೇಕ ಅಂಗಡಿಗಳಲ್ಲಿ ಬಂದಿದೆ. ಅದು ಯೋಗ್ಯವಾದುದೇ. ಆ ಸಂಜೆ ಪೂಜೆಗೆ ಮೊದಲು ಲೆಕ್ಕದ ಹೊಸ ಪ್ರತಿಯೊಂದನ್ನು ತೆಗೆದು, ಲಕೋಟೆಯೊಳಗಿನ ಪಾಸ್‌ವರ್ಡುಗಳು ಇನ್ನೂ ಸರಿಯಿವೆಯೇ ಎಂದು ಮನೆಮಂದಿ ಕೂಡಿ ನೋಡಿಕೊಂಡರೆ, ಮುಂದಿನ ವರ್ಷದ ಪ್ರವಾಸಗಳಿಗೆ ಯಜಮಾನನು ನಿಶ್ಚಿಂತೆಯಿಂದ ಹೊರಡಬಹುದು.